ತೂತು ಕೊರೆದ ಮಡಕೆಯ ಕೆಸು

ಕೆಸು ನೀರಿನ ಗಿಡ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನ್ಯಾಮತಿಯ ನಮ್ಮ ಮನೆಯ ಹಿತ್ತಲಲ್ಲಿ, ಬಚ್ಚಲ ನೀರು ಹರಿದು ಹೋಗುವ ಸಣ್ಣ ಕಾಲುವೆಯ ಎರಡೂ ಮಗ್ಗುಲಿಗೆ ಅದು ತನ್ನಷ್ಟಕ್ಕೆ ತಾನು ಬೆಳೆಯುತ್ತಿತ್ತು. ನಮ್ಮದು ದೊಡ್ಡೆಲೆಯ ಜಾತಿ, ಮನೆಯಲ್ಲಿ ಆನೆಕಿವಿ ಕೆಸು ಎನ್ನುತ್ತಿದ್ದೆವು. ಮಳೆ ಬಂದರೆ ಒಂದು ಎಲೆ ಕಿತ್ತು ತಲೆಯ ಮೇಲೆ ಹಿಡಿದುಕೊಂಡು ಅಂಗಡಿಗೆ ಹೋಗಿ ಬರುತ್ತಿದ್ದೆ. ಅದಕ್ಕೆಂದು ಯಾರಾದರೂ ಒಂದು ಚೊಂಬು ನೀರು ಹಾಕಿದ್ದನ್ನು ನಾನು ಕಂಡವಳಲ್ಲ. ಹಾಗೆ ಬೆಳೆದವಳಿಗೆ, ಈ ಗಿಡದ ವಿಚಾರದಲ್ಲಿ ನನಗೆ ತಿಳಿಯದ್ದು ಏನಿದೆ ಎಂಬ ಜಂಬ ಇರುತ್ತದೆ. ನನ್ನ ಅವ್ವನ ಕೊನೆಯ ತಿಂಗಳುಗಳು ಹಾಳಾಗಿದ್ದು ಆ ಜಂಬದಿಂದ ಶುರುವಾಯಿತು. ಇದನ್ನು ನಾನು ಯಾರ ಮೇಲೂ ಹಾಕುವುದಿಲ್ಲ.

ನನ್ನನ್ನು ಕೊಟ್ಟಿದ್ದು ಜಗಳೂರು ಸೀಮೆಗೆ, ಸೊಕ್ಕೆಯ ಹತ್ತಿರದ ಒಂದು ಹಳ್ಳಿಗೆ. ಅಲ್ಲಿ ಬಚ್ಚಲ ನೀರು ಹಿತ್ತಲಿಗೆ ಹರಿಯುತ್ತಿರಲಿಲ್ಲ. ಮುಖ ತೊಳೆದ ನೀರನ್ನು ಬೋಗುಣಿಯಲ್ಲಿ ಹಿಡಿದಿಟ್ಟು ಎಮ್ಮೆಯ ಕಲಗಚ್ಚಿಗೆ ಹಾಕುತ್ತಿದ್ದರು. ಊರ ಹೊರಗಿನ ಬಾವಿಯಿಂದ ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಹೊತ್ತು ತಂದರೆ ಅದೇ ನಮ್ಮ ಮನೆಯ ಕೆರೆ. ಮದುವೆಯಾದ ಹೊಸದರಲ್ಲಿ ನಾನು ಕಾಲು ತೊಳೆಯಲು ಎರಡು ಚೊಂಬು ನೀರು ಸುರಿದುಕೊಂಡದ್ದನ್ನು ನನ್ನ ಅತ್ತೆ ಆರು ವರ್ಷ ಬಿಡದೆ ಹೇಳಿದರು. ಅತ್ತೆಯ ಬಾಯಿ ಜೋರು. ನನ್ನದೂ ಏನು ಕಡಿಮೆ ಇರಲಿಲ್ಲ, ಆದರೆ ಸೊಸೆಯ ಬಾಯಿ ಮನಸ್ಸಿನೊಳಗೆ ಆಡಬೇಕು.

ಅದು ಯುದ್ಧದ ಕಾಲ. ಅಪ್ಪ ತೀರಿಕೊಂಡು ಎರಡು ವರ್ಷವಾಗಿತ್ತು. ಅವ್ವನಿಗೆ ನಾನೊಬ್ಬಳೇ ಮಗಳು, ಗಂಡು ಮಕ್ಕಳಿಲ್ಲ. ನ್ಯಾಮತಿಯ ಮನೆಯಲ್ಲಿ ಚಿಕ್ಕಪ್ಪನ ಸಂಸಾರದ ಜೊತೆ ಇದ್ದಳು. ಚಿಕ್ಕಮ್ಮನಿಗೆ ಬಾಣಂತನದಲ್ಲಿ ಮೈಗೆ ಹುಷಾರಿಲ್ಲದೆ ಹೋದಾಗ ಅವರ ಹಿರಿಯ ಮಗನನ್ನು ಎತ್ತಿ ಸಾಕಿದವಳು ನನ್ನ ಅವ್ವ. ನನ್ನನ್ನು ನೆಲಕ್ಕಿಳಿಸಿ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡಳು ಎಂದು ನಾನು ಅಳುತ್ತಿದ್ದೆನಂತೆ. “ನಾ ಸತ್ತಾಗ ಮಡಿಕೆ ಹೊರೋನು ಅವನೇ ಕಣವ್ವ, ನೀನು ಹೊರ್ತೀಯಾ?” ಎಂದು ನಗುತ್ತಿದ್ದಳು. ಅವನು ದೊಡ್ಡವನಾಗಿ ವ್ಯವಹಾರ ನೋಡಿಕೊಳ್ಳತೊಡಗಿದ್ದ. ಅವ್ವನಿಗೆ ಕಾಲು ಊದಿಕೊಂಡು, ಉಂಡದ್ದು ಹೊಟ್ಟೆಯಲ್ಲಿ ನಿಲ್ಲದೆ ಹಾಸಿಗೆ ಹಿಡಿದಾಗ ನನಗೆ ಒಂದು ಕಾರ್ಡು ಬಂತು. ಅಕ್ಷರ ಅವನದೇ. ದೊಡ್ಡವ್ವನನ್ನು ನೋಡಿಕೊಳ್ಳಲು ಇಲ್ಲಿ ಹೆಂಗಸರ ಕೈ ಸಾಲದು, ಕರೆದುಕೊಂಡು ಹೋದರೆ ಒಳ್ಳೆಯದು ಎಂದು ಬರೆದಿತ್ತು.

ಮಗಳ ಮನೆಯಲ್ಲಿ ತಾಯಿ ಬಂದು ಮಲಗುವುದು ಆಗ ಯಾರಿಗೂ ಮರ್ಯಾದೆಯ ಮಾತಾಗಿರಲಿಲ್ಲ. ಅತ್ತೆ ಒಂದು ದಿನವೆಲ್ಲ ಮಾತಾಡಲಿಲ್ಲ. ಮರುದಿನ ರೊಟ್ಟಿ ಬಡಿಯುತ್ತಾ, ನನ್ನ ಕಡೆ ನೋಡದೆ, “ಕರ್ಕೊಂಡು ಬರಾಕೆ ಕಳ್ಸು ಅವನ್ನ. ಬೀಗ್ತಿ ರಸ್ತೇಲಿ ಬಿದ್ರೆ ನಮಗೇನು ಮಾನ ಬರ್ತೈತೇನು?” ಎಂದರು. ನನ್ನ ಯಜಮಾನರು ಇದ್ದಿಲಿನ ಹೊಗೆಯಿಂದ ಓಡುವ ಆಗಿನ ಬಸ್ಸು ಹಿಡಿದು ದಾವಣಗೆರೆ, ಹೊನ್ನಾಳಿ ದಾಟಿ ನ್ಯಾಮತಿಗೆ ಹೋದರು. ಏರು ಬಂದ ಕಡೆ ಇಳಿದು ತಳ್ಳಬೇಕಾಗಿತ್ತಂತೆ. ಮೂರನೆಯ ದಿನ ಜಗಳೂರಿನಿಂದ ಗಾಡಿಯಲ್ಲಿ ಅವ್ವನನ್ನು ಮಲಗಿಸಿಕೊಂಡು ಬಂದರು. ಗಾಡಿಯಿಂದ ಇಳಿಸುವಾಗ ಅವಳು ಒಂದು ಕೈಯಲ್ಲಿ ನನ್ನ ಹೆಗಲು ಹಿಡಿದಿದ್ದಳು, ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟು. ಬಿಚ್ಚಿ ನೋಡಿದರೆ ಹನ್ನೆರಡು ಕೆಸುವಿನ ಗೆಡ್ಡೆ.

ಆಗ ಚೈತ್ರ ಕಳೆದಿತ್ತು. ಜಗಳೂರಿನ ಸರ್ಕಾರಿ ಡಾಕ್ಟರು ಬಂದು ನೋಡಿ, ಬಾಯಿಗೆ ಏನು ರುಚಿಸುತ್ತದೋ ಅದನ್ನು ಕೊಡಿ ಎಂದು ಹೇಳಿ ಹೋದರು. ಹಾಗೆಂದರೆ ಏನು ಎಂಬುದು ಮನೆಯಲ್ಲಿ ಎಲ್ಲರಿಗೂ ತಿಳಿಯಿತು. ರುಚಿಸುವುದಾದರೂ ಏನಿತ್ತು? ಜೋಳದ ರೊಟ್ಟಿ ಅವಳ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ನವಣೆ ಅನ್ನ ಮಜ್ಜಿಗೆಯಲ್ಲಿ ಕಲಸಿ ಕೊಟ್ಟರೆ ಎರಡು ತುತ್ತು ನುಂಗಿ ಕಕ್ಕುತ್ತಿದ್ದಳು. ಎಲ್ಲಿಂದಲೋ ಅಕ್ಕಿ ಸಂಪಾದಿಸಿ ಗಂಜಿ ಮಾಡಿದೆ, ಅದೂ ಅಷ್ಟೇ. ಒಂದು ಮಧ್ಯಾಹ್ನ ಅವಳಾಗಿಯೇ ಹೇಳಿದಳು:

“ಕೆಸುವಿನ ಸೊಪ್ಪಿನ ಹುಳಿ ಒಂದು ಸೌಟು ಇದ್ದಿದ್ರೆ ಉಣ್ತಿದ್ದೆ ಅನ್ಸುತ್ತೆ ಮಗಾ. ಬ್ಯಾರೆ ಏನೂ ಒಲ್ಲೆ.”

ಅಂದಿನಿಂದ ನನಗೆ ಲೋಕದಲ್ಲಿ ಉಳಿದದ್ದು ಒಂದೇ ಕೆಲಸ. ಅವಳ ಬಾಯಿಗೆ ಆ ಸೊಪ್ಪು ಬೀಳಬೇಕು, ಅವಳು ಹೋಗುವುದರೊಳಗೆ ಬೀಳಬೇಕು. ಯಜಮಾನರು ಚಿಕ್ಕಪ್ಪನ ಮಗನಿಗೆ ಕಾರ್ಡು ಬರೆದರು: ಯಾರಾದರೂ ದಾವಣಗೆರೆ ಕಡೆ ಬಂದರೆ ಒದ್ದೆ ಚೀಲದಲ್ಲಿ ಸುತ್ತಿ ಹತ್ತು ಎಲೆ ಕಳಿಸಿಕೊಡಿ, ಸಾಧ್ಯವಾದರೆ ನೀವೇ ಬಂದು ದೊಡ್ಡವ್ವನನ್ನು ನೋಡಿಕೊಂಡು ಹೋಗಿ. ಜವಾಬು ಬರಲಿಲ್ಲ. ಕಾರ್ಡು ಬರೆದ ವಿಷಯ ಅವ್ವನಿಗೆ ಗೊತ್ತಿತ್ತು. ಬಿಸಿಲು ಇಳಿಯುವ ಹೊತ್ತಿಗೆ ದಿನಾ ಕೇಳುತ್ತಿದ್ದಳು, “ಯಾರಾರ ಬಂದ್ರೇನು?” ಎಂದು. ಅವಳ ಹಾಸಿಗೆ ಪಡಸಾಲೆಯಲ್ಲಿ ಬಾಗಿಲಿಗೆ ನೇರವಾಗಿತ್ತು. ಅಲ್ಲಿಯೇ ಹಾಸಬೇಕೆಂದು ಅವಳೇ ಹಟ ಮಾಡಿದ್ದಳು.

ಗೆಡ್ಡೆಗಳ ಕಥೆಗೆ ಬರುತ್ತೇನೆ. ಮೊದಲು ಮೂರನ್ನು ಬಚ್ಚಲ ಕಲ್ಲಿನ ಪಕ್ಕದ ನೆಲದಲ್ಲಿ ಊರಿದೆ. ಅಲ್ಲಿಯ ನೆಲ ಗರಸು. ಚೊಂಬು ನೀರು ಹಾಕಿದರೆ ಕಣ್ಣು ಮಿಟುಕಿಸುವುದರೊಳಗೆ ಕುಡಿದು ಮತ್ತೆ ಮೊದಲಿನಂತೆ ಬಿಳಚಿಕೊಳ್ಳುತ್ತಿತ್ತು. ಕೋಳಿಗಳು ಕೆದಕಿ ಒಂದನ್ನು ಹೊರಗೆ ಹಾಕಿದವು, ಉಳಿದೆರಡು ಒಣಗಿ ಗೋಟು ಅಡಿಕೆಯ ಹಾಗಾದವು. ಆಗ ನನ್ನ ಬುದ್ಧಿವಂತಿಕೆ ಎದ್ದು ಕೂತಿತು. ನೀರು ಇಂಗಿ ಹೋಗುವುದರಿಂದ ತಾನೆ ಹೀಗೆ? ಇಂಗದ ಹಾಗೆ ಇಟ್ಟರೆ ಆಯಿತು. ಮಡಕೆಯಲ್ಲಿ ನೆಟ್ಟರೆ ಹಾಕಿದ ನೀರು ಅಲ್ಲಿಯೇ ಇರುತ್ತದೆ, ಗಿಡಕ್ಕೂ ಸುಖ, ಬಾವಿಗೆ ಹೋಗುವ ನನ್ನ ಕಾಲಿಗೂ ಸುಖ. ಅತ್ತೆಯನ್ನು ಕೇಳಿ ಎರಡು ಮಡಕೆ ತೆಗೆದುಕೊಂಡೆ. ಕೆರೆಯಂಗಳದಿಂದ ಜಿಗುಟು ಕಪ್ಪು ಮಣ್ಣು ತಂದು ತುಂಬಿ, ಒಂದೊಂದರಲ್ಲಿ ಮೂರು ಗೆಡ್ಡೆ ಊರಿ, ಮಣ್ಣಿನ ಮೇಲೆ ಎರಡು ಬೆರಳು ನೀರು ನಿಲ್ಲುವಷ್ಟು ಸುರಿದೆ. ಕೆಸು ನೀರಿನ ಗಿಡ ಅಲ್ಲವೇ?

ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ನಿಂತು ನೋಡಿದರು. “ತಿಂದ್ರೆ ಬಾಯಿ ಕೆರೀತೈತೆ ಅಂತೀ, ಹುಣಸೇಹಣ್ಣು ಸುರುದು ಕುದುಸ್ಬೇಕು ಅಂತೀ. ಅಷ್ಟೆಲ್ಲ ಮಾಡಿ ಅದನ್ನ ಯಾಕೆ ತಿಂತೀರಿ ನಿಮ್ಮ ಕಡೇರು? ಬ್ಯಾರೆ ಸೊಪ್ಪು ಸಿಗಲ್ಲೇನು?”

ಮೂರು ವಾರ ಕಾದೆ. ದಿನಾ ಬೆಳಿಗ್ಗೆ ಮೊದಲು ಮಡಕೆಗೆ ಕೈಯಿಟ್ಟು, ನೀರು ಕಡಿಮೆಯಾಗಿದ್ದರೆ ನನ್ನ ಪಾಲಿನ ಕುಡಿಯುವ ನೀರಿನಲ್ಲಿ ಒಂದು ಲೋಟ ಹಾಕುತ್ತಿದ್ದೆ. ನಾಲ್ಕನೆಯ ವಾರ ಮಡಕೆಯಿಂದ ನಾತ ಬರತೊಡಗಿತು. ಮೊಣಕೈವರೆಗೆ ಕೈಹಾಕಿ ತಡಕಿದರೆ ಗೆಡ್ಡೆಯ ಸಿಪ್ಪೆ ಬೆರಳಿಗೆ ಸಿಕ್ಕಿತು, ಒಳಗಿನದು ಲೋಳೆಯಾಗಿ ಜಾರಿಹೋಯಿತು. ಆರೂ ಹಾಗೆಯೇ. ಕೈಯನ್ನೂ ತೊಳೆದುಕೊಳ್ಳದೆ ಹಿತ್ತಲಲ್ಲಿ ಕೂತು ಅತ್ತುಬಿಟ್ಟೆ. ಒಳಗಿನಿಂದ ಅವ್ವ, “ಮೊಳಕೆ ಬಂತೇನವ್ವ?” ಎಂದು ಕೂಗಿದಳು. “ಬರ್ತೈತೆ ಅವ್ವ, ಇನ್ನೂ ಹೊತ್ತೈತೆ” ಎಂದೆ. ನಾನು ಅವಳಿಗೆ ಹೇಳಿದ ಮೊದಲನೆಯ ಸುಳ್ಳು ಅದು.

ಉಳಿದದ್ದು ಮೂರು ಗೆಡ್ಡೆ. ಅವನ್ನು ಮುಟ್ಟಲು ನನಗೆ ಧೈರ್ಯವಿರಲಿಲ್ಲ. ಯಜಮಾನರು ಕಂದಾಯದ ಯಾವುದೋ ಕೆಲಸಕ್ಕೆ ಜಗಳೂರಿನ ಕಚೇರಿಗೆ ಹೋದವರು ಅಲ್ಲಿ ಅಂಗಳದಲ್ಲಿ ಸಾಲಾಗಿ ಇಟ್ಟಿದ್ದ ಕುಂಡಗಳನ್ನು ನೋಡಿ, ಮಾಲಿಯನ್ನು ಕೇಳಿಕೊಂಡು ಬಂದರು. ಅವರು ಮಾತು ಕಡಿಮೆಯ ಮನುಷ್ಯ. ಅಂದು ಚಾವಡಿಯಲ್ಲಿ ಕೂತು, ಅಂಗಿಯನ್ನೂ ಬಿಚ್ಚದೆ, ಪಾಠ ಒಪ್ಪಿಸುವವರ ಹಾಗೆ ಹೇಳಿದರು.

“ತಳಕ್ಕೆ ತೂತು ಬೇಕಂತೆ. ನೀರು ಹೋಗಾಕೆ ದಾರಿ ಇಲ್ದಿದ್ರೆ ಗೆಡ್ಡೆಗೆ ಉಸಿರು ಕಟ್ತದಂತೆ. ತೂತಿನ ಮೇಲೆ ಹೆಂಚಿನ ಚೂರು ಮುಚ್ಬೇಕು, ಅದರ ಮೇಲೆ ಒಂದು ಹಿಡಿ ಗರಸು, ಆಮೇಲೆ ಮಣ್ಣು. ಮಣ್ಣಿಗೆ ಮರಳು ಬೆರಸ್ಬೇಕು, ತಿಪ್ಪೆ ಗೊಬ್ಬರ ಬೆರಸ್ಬೇಕು. ಮಡಿಕೆ ನೆಲಕ್ಕೆ ತಾಕಬಾರ್ದು, ಕಲ್ಲಿನ ಮೇಲೆ ಕೂರ್ಸು. ಮೇಲಿಂದ ಹಾಕಿದ ನೀರು ಕೆಳಗೆ ತೊಟ್ಟಿಕ್ಬೇಕು ಅಂದ.”

ಆಗ ನನಗೆ ನ್ಯಾಮತಿಯ ಕಾಲುವೆ ಕಣ್ಣಿಗೆ ಬಂತು. ಅಲ್ಲಿ ನೀರು ನಿಲ್ಲುತ್ತಿರಲಿಲ್ಲ, ಹರಿಯುತ್ತಿತ್ತು. ಹದಿನೈದು ವರ್ಷ ಅದರ ಪಕ್ಕದಲ್ಲಿ ಪಾತ್ರೆ ಬೆಳಗಿದವಳಿಗೆ ಅಷ್ಟು ತಿಳಿಯಲಿಲ್ಲ. ನನ್ನ ಮೇಲೆ ನನಗೆ ಬಂದ ಸಿಟ್ಟು ಈಗಲೂ ಪೂರ್ತಿ ಇಳಿದಿಲ್ಲ.

ತಿಳಿದ ಮೇಲಾದರೂ ತೂತು ಮಾಡುವುದು ಹೇಗೆ? ಇದು ಬೇರೆ ಸೀಮೆಯವರಿಗೆ ಅರ್ಥವಾಗಲಿಕ್ಕಿಲ್ಲ. ನಮ್ಮಲ್ಲಿ ಗಟ್ಟಿಯಾದ ಮಣ್ಣಿನ ಮಡಕೆಗೆ ಬೇಕೆಂದೇ ತೂತು ಕೊರೆಯುವುದು ಒಂದೇ ಸಮಯದಲ್ಲಿ. ಸತ್ತವರ ಮಗ ಹೆಗಲ ಮೇಲೆ ನೀರಿನ ಮಡಕೆ ಹೊತ್ತು ಹೆಣಕ್ಕೆ ಮೂರು ಸುತ್ತು ಬರುತ್ತಾನೆ. ಸುತ್ತಿಗೊಂದರಂತೆ ಹಿಂದಿನಿಂದ ಕುಡುಗೋಲ ಮೊನೆಯಲ್ಲಿ ಮೂರು ತೂತು ಹಾಕುತ್ತಾರೆ, ನೀರು ಸುರಿಯುತ್ತಾ ಹೋಗುತ್ತದೆ. ಅದಕ್ಕೇ ಮನೆಯಲ್ಲಿ ಮಡಕೆ ತಾನಾಗಿ ಸೋರಿದರೂ ಹೆಂಗಸರು ಅದನ್ನು ಕೂಡಲೇ ಹೊರಗೆ ಒಡೆದು ಹಾಕುತ್ತಿದ್ದರು. ಕಾಯಿಲೆಯವರು ಮಲಗಿರುವ ಮನೆಯಲ್ಲಂತೂ ಅಂಥ ಮಾತನ್ನು ಎತ್ತುವುದೇ ಇಲ್ಲ. ಸೀಮೆಎಣ್ಣೆ ಡಬ್ಬ ಸಿಕ್ಕರೆ ಆಗುತ್ತಿತ್ತು. ಯುದ್ಧದ ದಿನಗಳಲ್ಲಿ ಎಣ್ಣೆಯೇ ಇಲ್ಲ, ಡಬ್ಬ ಎಲ್ಲಿಂದ ಬರಬೇಕು? ಊರಲ್ಲಿದ್ದ ಮೂರು ನಾಲ್ಕು ಡಬ್ಬಗಳಲ್ಲಿ ಜನ ನೀರು ಹೊರುತ್ತಿದ್ದರು. ಬಿರುಕು ಬಿಟ್ಟ ಮಡಕೆಯೊಂದನ್ನು ಎಲ್ಲಿಂದಲೋ ಎತ್ತಿಕೊಂಡು ಬಂದೆ, ಒದ್ದೆ ಮಣ್ಣು ತುಂಬುತ್ತಿದ್ದ ಹಾಗೆ ಎರಡು ಹೋಳಾಯಿತು. ಕುಂಬಾರರು ತಳದಲ್ಲಿ ತೂತಿಟ್ಟು ಮಾಡಿಕೊಡುತ್ತಾರಾ ಎಂದು ಯಜಮಾನರು ವಿಚಾರಿಸಿದರೆ, ಅವರು ಕೈಯ ಕೆಲಸ ನಿಲ್ಲಿಸಿ, “ಮನೇಲಿ ಯಾರು ಹೋದ್ರು?” ಎಂದು ಕೇಳಿದರಂತೆ.

ಯಜಮಾನರು ಅತ್ತೆಗೆ ಸಮಾಧಾನ ಹೇಳಲು ನೋಡಿದರು. “ಗುಡಿಯಾಗೆ ಲಿಂಗದ ಮೇಲಿರೋ ಬಿಂದಿಗೀಗೂ ತೂತೈತಲ್ಲವ್ವ.”

“ಅದು ತಾಮ್ರ. ಇದು ಮಣ್ಣು” ಎಂದರು ಅತ್ತೆ.

ಅತ್ತೆಯೇ ಅಡ್ಡ ಬಂದರು ಎಂದು ಬರೆದರೆ ನನಗೆ ಹಗುರವಾಗುತ್ತದೆ, ಆದರೆ ಅದು ನಿಜವಲ್ಲ. ಅವರು ಬೇಡ ಎಂದು ಒಮ್ಮೆಯೂ ಹೇಳಲಿಲ್ಲ. ಹೆದರಿದವಳು ನಾನು. ತೊಳೆದಿಟ್ಟಿದ್ದ ಹಳೆಯ ಮಡಕೆಯನ್ನು ಬೋರಲು ಹಾಕಿ, ಮೊಳೆಯನ್ನು ತಳಕ್ಕೆ ಹಿಡಿದು, ಕಲ್ಲೆತ್ತಿದ ಕೈ ಹಾಗೆಯೇ ನಿಂತುಬಿಡುತ್ತಿತ್ತು. ಒಳಗೆ ಅವ್ವ ಕೆಮ್ಮುತ್ತಿದ್ದಳು. ಈ ಏಟು ಮಡಕೆಗೆ ಬೀಳುತ್ತದೋ ಅವಳಿಗೆ ಬೀಳುತ್ತದೋ ಎನ್ನಿಸಿ ಕಲ್ಲು ಕೆಳಗಿಡುತ್ತಿದ್ದೆ. ಹೀಗೆ ಎಂಟು ಹತ್ತು ದಿನ ಹೋಯಿತು. ಹೊರಗೆ ಮುಂಗಾರು ಎರಡು ಹದ ಬಿದ್ದಿತ್ತು. ನೆಡುವುದಾದರೆ ಈಗಲೇ, ಇಲ್ಲದಿದ್ದರೆ ಇಲ್ಲ. ಅವ್ವನ ತೋಳು ಒಣಗಿದ ದಂಟಿನಷ್ಟಾಗಿತ್ತು.

ಒಂದು ದಿನ ಉಂಡು ಎಲ್ಲರೂ ಒರಗಿದ್ದ ಹೊತ್ತು. ಅವ್ವನಿಗೆ ಜೋಂಪು ಹತ್ತಿತ್ತು. ನಾನು ಎಮ್ಮೆಗೆ ನೀರು ತೋರಿಸಿ ಬರುವಾಗ ಹಿತ್ತಲಲ್ಲಿ ಅತ್ತೆ ಕೂತಿದ್ದರು. ಮಡಕೆಯನ್ನು ತೊಡೆಯ ಮೇಲೆ ಮಗುವಿನ ಹಾಗೆ ಇಟ್ಟುಕೊಂಡು, ಕುಡುಗೋಲ ಮೊನೆಯನ್ನು ತಳದ ಅಂಚಿಗೆ ಊರಿ, ಸ್ವಲ್ಪ ಸ್ವಲ್ಪವೇ ನೀರು ಹನಿಸಿ ತಿರುಗಿಸುತ್ತಿದ್ದರು. ನಾನು ನಿಂತಲ್ಲೇ ನಿಂತೆ. ಅವರು ತಲೆಯೆತ್ತಲಿಲ್ಲ.

“ನಿನ್ನ ಕೈಯಾಗೆ ಆಗಲ್ಲ ಅಂತ ಗೊತ್ತಾತು. ನೀನು ಮಗಳು. ನಾನಾದ್ರೆ ಮುದುಕಿ, ಏನಾರ ಬರೋದಿದ್ರೆ ನನ್ನ ಮೇಲೆ ಬರ್ಲಿ. ಹೆಂಚಿನ ಚೂರು ತಗಂಡು ಬಾ ಹೋಗು.”

ಅವರ ಮೇಲೆ ಆರು ವರ್ಷ ಮನಸ್ಸಿನೊಳಗೆ ಆಡಿದ ಮಾತೆಲ್ಲ ಆ ಹೊತ್ತಿಗೆ ನನಗೆ ನಾಚಿಕೆಯಾಗಿ ನಿಂತಿತು. ಚೂರು ತರಲು ಓಡಿದೆ. ನಾವಿಬ್ಬರೇ ಕೂತು ಹೆಂಚು, ಗರಸು, ಹಳ್ಳದ ಮರಳು, ಗೊಬ್ಬರ ಎಲ್ಲ ಮಾಲಿ ಹೇಳಿದ ಹಾಗೆಯೇ ತುಂಬಿ ಮೂರು ಗೆಡ್ಡೆಯನ್ನೂ ಊರಿದೆವು. ಮಡಕೆಯನ್ನು ಹಿತ್ತಲ ಗೋಡೆಯ ಮರೆಯಲ್ಲಿ ಕಲ್ಲಿನ ಮೇಲೆ ಕೂರಿಸಿ ಒಂದು ಚೊಂಬು ನೀರು ಹಾಕಿದಾಗ ತಳದ ಅಂಚಿನಿಂದ ನೀರು ಇಳಿಯಿತು. ಮೂರು ಕಡೆಯಿಂದ ಇಳಿಯಿತು. ಒಂದು ತೂತು ಸಾಕಾಗಿತ್ತು. ಅತ್ತೆ ತಮ್ಮ ಗಂಡನ ಹೆಣದ ಮುಂದೆ, ಮೈದುನನ ಹೆಣದ ಮುಂದೆ ನಿಂತು ನೋಡಿದವರು. ಮಡಕೆಗೆ ತೂತು ಎಂದರೆ ಮೂರು ಎಂದೇ ಅವರ ಕೈಗೆ ಗೊತ್ತಿತ್ತು. ಹಾಕಿದ ಮೇಲೆ ಅವರಿಗೂ ಅದು ಕಂಡಿತು. ಇಬ್ಬರೂ ಆ ಮಾತು ಎತ್ತಲಿಲ್ಲ.

ಹದಿನೆಂಟನೆಯ ದಿನ ಒಂದು ಮೊಳಕೆ ಬಂತು. ಮತ್ತೆ ನಾಲ್ಕು ದಿನಕ್ಕೆ ಇನ್ನೊಂದು. ಮೂರನೆಯದು ಏಳಲೇ ಇಲ್ಲ. ಸುರುಳಿ ಸುತ್ತಿಕೊಂಡಿದ್ದ ಎಲೆ ಬಿಚ್ಚಿ ಅಂಗೈಯಷ್ಟಾಯಿತು, ಆಮೇಲೆ ಮೊರದಷ್ಟಾಯಿತು. ದಂಟು ದಪ್ಪವಾಗಿ ನೇರ ನಿಂತಿತು. ಅಷ್ಟು ದಿನ ಬಾಯಿ ಕಟ್ಟಿಕೊಂಡಿದ್ದ ನನಗೆ ತಡೆಯಲಾಗಲಿಲ್ಲ. ಮಡಕೆ ಮರೆಯಲ್ಲಿ ಏಕೆ ಇದೆ ಎಂಬುದನ್ನೇ ಮರೆತು, ಒದ್ದೆ ಕೈಯಲ್ಲಿ ಒಳಗೆ ಓಡಿ, “ಅವ್ವಾ, ನಿನ್ನ ಕೆಸು ಎಲೆ ಬಿಟ್ಟೈತೆ” ಎಂದೆ.

ಅವ್ವನ ಮುಖದಲ್ಲಿ ಎಷ್ಟೋ ದಿನದ ಮೇಲೆ ನಗು ಬಂತು. “ತೋರ್ಸು. ನಾ ನೋಡ್ಬೇಕು” ಎಂದಳು.

ನಾನು ಒಂದು ಎಲೆ ಕಿತ್ತು ತಂದು ತೋರಿಸಬಹುದಿತ್ತು. ಬುದ್ಧಿಯಿದ್ದ ಯಾರಾದರೂ ಹಾಗೆ ಮಾಡುತ್ತಿದ್ದರು. ನಾನು ಅವಳನ್ನು ತೋಳಲ್ಲಿ ಎತ್ತಿ, ಅವಳಿಗೆ ಭಾರವೇ ಇರಲಿಲ್ಲ, ಹಿತ್ತಲಿಗೆ ಕರೆದುಕೊಂಡು ಹೋಗಿ ಒರಳುಕಲ್ಲಿನ ಮೇಲೆ ಕೂರಿಸಿದೆ. ಆಗ ತಾನೆ ನೀರು ಹಾಕಿದ್ದೆ. ಅವಳು ಮೊದಲು ಎಲೆಯನ್ನು ನೋಡಿದಳು. ಕೈ ಚಾಚಿ ಅದರ ತುದಿಯನ್ನು ಮುಟ್ಟಿದಳು. ಆಮೇಲೆ ಅವಳ ಕಣ್ಣು ದಂಟಿನಗುಂಟ ಕೆಳಗೆ ಇಳಿದು, ಮಡಕೆಯ ಮೇಲೆ ಬಂದು, ತೊಟ್ಟಿಕ್ಕುವ ಕಡೆ ನಿಂತಿತು. ಅವಳ ತುಟಿ ಅಲುಗಿತು. ಎಣಿಸುತ್ತಿದ್ದಾಳೆ ಎಂದು ನನಗೆ ತಿಳಿಯಿತು.

“ಮೂರು” ಎಂದಳು. ಎಲೆಯಿಂದ ಕೈ ಹಿಂದಕ್ಕೆ ತೆಗೆದುಕೊಂಡು, “ಅಷ್ಟು ಅವಸರ ಆತೇನವ್ವ ನಿಮಗೆ?”

“ಅವ್ವ, ಅದು ನೀರು ಹೋಗಾಕೆ. ಗೆಡ್ಡೆ ಕೊಳೀಬಾರ್ದು ಅಂತ ಮಾಲಿ ಹೇಳ್ದ...” ನಾನು ಏನೇನೋ ಹೇಳಿದೆ. ಗರಸು, ಹೆಂಚಿನ ಚೂರು, ಉಸಿರು ಕಟ್ಟುವುದು ಎಲ್ಲ ಹೇಳಿದೆ. ಅತ್ತೆ ಬಾಗಿಲಲ್ಲಿ ನಿಂತಿದ್ದರು, ಅವರ ಮುಖ ಸುಣ್ಣವಾಗಿತ್ತು. ಅವ್ವ ಯಾರನ್ನೂ ಬೈಯಲಿಲ್ಲ. “ಒಳಗೆ ಮಲಗ್ಸು, ಚಳಿ ಆಗ್ತೈತೆ” ಎಂದಳು. ಹೊರಗೆ ಸುಡುವ ಬಿಸಿಲಿತ್ತು.

ಅದಾಗಿ ವಾರಕ್ಕೆ ನಾಲ್ಕು ಎಲೆ ಬಲಿತವು. ಎಲೆ ಹೆಚ್ಚಿ, ಹುಣಸೆಹಣ್ಣು ಎಂದಿಗಿಂತ ಹೆಚ್ಚಾಗಿ ಹಿಂಡಿ, ತೊಗರಿಬೇಳೆ ಹಾಕಿ, ನಾರು ಕರಗುವವರೆಗೆ ಕುದಿಸಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟೆ. ವಾಸನೆ ಪಡಸಾಲೆಗೆ ಹೋಯಿತು. ಅವ್ವ ಮೂಗರಳಿಸಿ ಈ ಕಡೆ ತಿರುಗಿದ್ದನ್ನು ನಾನು ಒಲೆಯ ಮುಂದಿನಿಂದಲೇ ನೋಡಿದೆ. ಗಂಗಾಳ ಹಿಡಿದು ಹತ್ತಿರ ಹೋಗಿ ತುತ್ತು ಮಾಡಿದೆ. ಅವಳ ಬಾಯಲ್ಲಿ ನೀರೂರಿತ್ತು, ನುಂಗಿಕೊಂಡಳು.

“ಆ ಮಡಿಕೇದೇನು?” ಎಂದು ಕೇಳಿದಳು.

ನಾನು ತುತ್ತನ್ನು ಅವಳ ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದೆ. ಅವಳು ಕೈಯಿಂದ ಗಂಗಾಳವನ್ನು ಮೆಲ್ಲಗೆ ಆಚೆ ಸರಿಸಿದಳು. “ಅದು ನಂಗೆ ಬ್ಯಾಡ ಮಗಾ. ಅದನ್ನ ಉಂಡ್ರೆ ಒಪ್ಪಿಕೊಂಡಂಗೆ ಆಗ್ತೈತೆ.” ಅತ್ತೆ ಬಂದು ಕಾಲ ಹತ್ತಿರ ಕೂತು, ತಪ್ಪು ನನ್ನದು, ಕೈತಪ್ಪಿ ಆಯಿತು, ಉಣ್ಣಿರಿ ಬೀಗ್ತೇರೆ ಎಂದು ಬೇಡಿಕೊಂಡರು. ನನ್ನ ಅತ್ತೆ ಯಾರನ್ನಾದರೂ ಬೇಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅವ್ವ ಅವರ ಕೈ ಹಿಡಿದುಕೊಂಡಳು, ಬಾಯಿ ತೆರೆಯಲಿಲ್ಲ. ಅಂದು ನಾವು ಯಾರೂ ಅದನ್ನು ಉಣ್ಣಲಿಲ್ಲ, ಎಮ್ಮೆಗೂ ಹಾಕಲಿಲ್ಲ, ತಿಪ್ಪೆಗೆ ಸುರಿದೆ.

ಆಮೇಲೆ ಎರಡು ದಿನ ಅವಳು ನೀರು ಬಿಟ್ಟು ಬೇರೇನೂ ಮುಟ್ಟಲಿಲ್ಲ. ಗಿಡದಲ್ಲಿ ಇನ್ನೂ ಎರಡು ಎಲೆ ಇದ್ದವು. ಮೂರನೆಯ ದಿನ ಮಧ್ಯಾಹ್ನ ನಾನು ಅವನ್ನು ಕಿತ್ತೆ, ಮತ್ತೆ ಹುಳಿ ಮಾಡಿದೆ. ಎಲೆ ಹೆಚ್ಚುವಾಗಲೇ ಏನು ಹೇಳಬೇಕೆಂದು ಗಟ್ಟಿಮಾಡಿಕೊಂಡಿದ್ದೆ. ಗಂಗಾಳ ತಂದು ಇಟ್ಟು, ಸಹಜವಾಗಿ ಹೇಳಿದೆ:

“ಇದು ಇಲ್ಲಿದಲ್ಲ ಅವ್ವ. ನಮ್ಮ ಹಿತ್ತಲದು, ನ್ಯಾಮತೀದು. ಕಾರ್ಡು ಮುಟ್ಟೈತೆ. ಚಿಕ್ಕಪ್ಪನ ಮಗ ತಂದುಕೊಟ್ಟು ಹೋದ.”

ಅವ್ವ ಕಣ್ಣು ಪೂರ್ತಿ ಬಿಟ್ಟಳು. “ಅವನೇ ಬಂದಿದ್ನೇನು?”

“ಹೂಂ. ಅವನೇ.”

“ಯಾವಾಗ?”

“ನೀನು ಮಲಗಿದ್ದೆಯಲ್ಲ, ಆವಾಗ.”

ಅವಳು ಬಾಯಿ ತೆರೆದಳು. ನಾನು ಉಣಿಸಿದೆ. ಒಂದು ತುತ್ತು, ಎರಡು, ಐದು, ಗಂಗಾಳ ಬರಿದಾಗುವವರೆಗೆ. ನಡುವೆ ಒಮ್ಮೆ ಹುಳಿ ಮುಂದಾಗಿದೆ ಎಂದಳು. ಒಂದು ತುತ್ತನ್ನೂ ಕಕ್ಕಲಿಲ್ಲ. ಗೆದ್ದೆ ಎಂದುಕೊಂಡೆ. ಬಾಯಿ ಒರೆಸುವಾಗ ಅವಳು ಕೇಳಿದಳು.

“ಮೀಸೆ ಬಿಟ್ಟಾನೇನು?”

“ಬಿಟ್ಟಾನೆ.”

“ಸೊರಗಿದಾನೇನು?”

“ಇಲ್ಲವ್ವ, ಚೆನ್ನಾಗಿದಾನೆ.”

“ಮತ್ತೆ ಬಾಗ್ಲ ತನಕ ಬಂದೋನು ಒಳಗೆ ಬರ್ಲಿಲ್ಲೇನು? ನನ್ನ ಎಬ್ಬಿಸ್ಬೇಕಿತ್ತು ನೀನು.”

ಇದನ್ನು ನಾನು ಯೋಚಿಸಿರಲಿಲ್ಲ. ಎಲೆ ಹೆಚ್ಚುವಾಗ ಎಲ್ಲ ಯೋಚಿಸಿದ್ದೆ, ಇದೊಂದನ್ನು ಬಿಟ್ಟು. “ಎಬ್ಬಿಸ್ತೀನಿ ಅಂದೆ ಅವ್ವ. ಬಸ್ಸು ತಪ್ಪಿ ಹೋಗ್ತೈತೆ ಅಂದ. ಗಾಡಿ ಕಾಯ್ತಾ ಇತ್ತು” ಎಂದೆ.

ಅವಳು ಬಾಗಿಲ ಕಡೆ ನೋಡಿದಳು. ಅವಳ ಹಾಸಿಗೆಯಿಂದ ಹೊಸಿಲಿಗೆ ನಾಲ್ಕು ಹೆಜ್ಜೆ ಇರಬಹುದು. “ಹೌದು ಬಿಡು, ಗಂಡಸ್ರು, ಕೆಲ್ಸ ಇರ್ತಾವೆ” ಎಂದು ಹೇಳಿ ಗೋಡೆಗೆ ಮುಖ ಮಾಡಿ ಮಲಗಿದಳು. ಅಂದು ಬಿಸಿಲು ಇಳಿದ ಮೇಲೆ ಯಾರಾದರೂ ಬಂದರೇ ಎಂದು ಕೇಳಲಿಲ್ಲ.

ಅದಾದ ಮೇಲೆ ಅವಳು ಹನ್ನೊಂದು ದಿನ ಇದ್ದಳು. ನಿಜ ಹೇಳಿಬಿಡಬೇಕೆಂದು ನಾನು ದಿನಕ್ಕೆ ಹತ್ತು ಸಲ ಅವಳ ಹತ್ತಿರ ಹೋಗಿ ಕೂರುತ್ತಿದ್ದೆ. ಅವನು ಬಂದಿರಲಿಲ್ಲ ಅವ್ವ ಎಂದರೆ, ಹಾಗಾದರೆ ನಾನು ಉಂಡದ್ದು ಯಾವುದು ಎಂದು ಕೇಳುತ್ತಾಳೆ. ಉಂಡದ್ದು ಆ ಮಡಕೆಯದು ಎಂದು ಹೇಳಬೇಕು. ಹೇಳದಿದ್ದರೆ, ಎತ್ತಿ ಆಡಿಸಿದ ಮಗ ಹೊಸಿಲ ಹತ್ತಿರ ಬಂದು ಅವಳ ಮುಖ ನೋಡದೆ ಹೋದ ಎಂದೇ ಅವಳು ತಿಳಿದಿರುತ್ತಾಳೆ. ಹೇಳಿದರೂ ಕೊಲ್ಲುತ್ತೇನೆ, ಹೇಳದಿದ್ದರೂ ಕೊಲ್ಲುತ್ತೇನೆ. ಅತ್ತೆಗೆ ಎಲ್ಲ ಗೊತ್ತಿತ್ತು. ಅವರು ನನ್ನನ್ನು ನೋಡಿ ತಲೆ ತಗ್ಗಿಸಿಕೊಂಡು ಹೋಗುತ್ತಿದ್ದರು, ಹೀಗೆ ಮಾಡು ಎಂದು ಅವರೂ ಹೇಳಲಿಲ್ಲ. ಅವ್ವ ಮತ್ತೆ ಏನನ್ನೂ ಉಣ್ಣಲಿಲ್ಲ. ಬಲವಂತ ಮಾಡಿದರೆ, ಅವತ್ತು ಹೊಟ್ಟೆ ತುಂಬಿದೆ, ಸಾಕು ಎನ್ನುತ್ತಿದ್ದಳು.

ಹತ್ತನೆಯ ದಿನ ಬೆಳಿಗ್ಗೆ ನಾನು ಅವಳ ಕಾಲು ಒತ್ತುತ್ತಾ ಕೂತಿದ್ದೆ. ಕಣ್ಣು ಮುಚ್ಚಿಕೊಂಡೇ ಮಾತಾಡಿದಳು, ಬಾಗಿ ಕಿವಿಗೊಟ್ಟರೆ ಮಾತ್ರ ಕೇಳುತ್ತಿತ್ತು.

“ನಾ ಹೋದ ಮ್ಯಾಲೆ ಅವನಿಗೆ ಹೇಳಿ ಕಳಿಸ್ತೀರಿ. ಬರ್ತಾನೆ. ನೀನು ಸಿಟ್ಟಿನಾಕೆ, ಅವನ್ನ ಬೈಬ್ಯಾಡ. ನನ್ನ ಮುಖ ನೋಡದಿದ್ರೂ, ಅಷ್ಟು ದೂರದಿಂದ ಸೊಪ್ಪು ತಂದು ಕೊಟ್ಟಾನೆ.”

“ಆಗ್ಲಿ ಅವ್ವ, ಬೈಯಲ್ಲ” ಎಂದೆ.